ಭಂಗಿ ಬೀಜ, ಅದರ ತಿರುಳು ಮತ್ತು ಎಣ್ಣೆ: ಎರಡು ತಿಂಗಳ ಬಳಕೆಯ ನಂತರ

ಗಂಗಾವತಿಯ ನಮ್ಮ ಮನೆಗೆ ಡಿಸೆಂಬರಿನಲ್ಲಿ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಮೂರು ಪದಾರ್ಥ ತರಿಸಿದೆವು: ಸಿಪ್ಪೆಯಿರುವ ಭಂಗಿ ಬೀಜ ಕಾಲು ಕಿಲೋ, ಸಿಪ್ಪೆ ತೆಗೆದ ತಿರುಳು ಕಾಲು ಕಿಲೋ ಮತ್ತು ಬಿಸಿ ಮಾಡದೆ ಹಿಂಡಿದ ಬೀಜದೆಣ್ಣೆ 100 ಮಿಲಿಲೀಟರ್. ಸಾಗಣೆ ಖರ್ಚು ಸೇರಿ 1,460 ರೂಪಾಯಿ ಆಯಿತು. ತರಿಸಲು ಕಾರಣ ನನ್ನ ಮಗಳು. ಡೆಹ್ರಾಡೂನಿನಲ್ಲಿ ಎರಡು ವರ್ಷ ಓದಿ ಬಂದ ಅವಳು, ಉತ್ತರಾಖಂಡದ ಕುಮಾವೂನಿನ ಗೆಳತಿಯ ಮನೆಯಲ್ಲಿ ಹುರಿದ ಭಂಗಿ ಬೀಜಕ್ಕೆ ಜೀರಿಗೆ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿ ಅರೆಯುತ್ತಿದ್ದ ಚಟ್ನಿಯ ರುಚಿಯನ್ನು ಮರೆತಿರಲಿಲ್ಲ. ನಮ್ಮ ಗುರೆಳ್ಳು ಚಟ್ನಿಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡಾಗಲೆಲ್ಲ ಆ ಚಟ್ನಿಯ ಮಾತು ತೆಗೆಯುತ್ತಿದ್ದಳು.

ಪೊಟ್ಟಣಗಳು ಗಟ್ಟಿಯಾಗಿದ್ದವು, ತಯಾರಿಕೆಯ ದಿನಾಂಕವೂ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯೂ ಸ್ಪಷ್ಟವಾಗಿದ್ದವು. ಆದರೆ ಕನ್ನಡದಲ್ಲಿ ಅಚ್ಚಾಗಿದ್ದ ಹೆಸರು 'ಸೆಣಬಿನ ಬೀಜ' ಎಂದಿತ್ತು. ಅದನ್ನು ಮೊದಲು ಓದಿದವರು ನಮ್ಮ ಮಾವನವರು. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, "ಏನವ್ವಾ, ಸೆಣಬಿನ ಬೀಜ ಗದ್ದಿಗೆ ಗೊಬ್ಬರಕ್ಕಂತ ಬಿತ್ತತೀವಿ, ಇದನ್ನ ಮಂದಿ ತಿಂತಾರೇನು?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ನಮ್ಮ ಕಡೆ ಸೆಣಬೆಂದರೆ ನಾಟಿಗೆ ಮುಂಚೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರದ ಗಿಡ. ಅದು ತೊಗರಿ, ಅವರೆಗಳ ಕುಟುಂಬಕ್ಕೆ ಸೇರಿದ್ದು, ಭಂಗಿ ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೆಣಬಿನ ಬೀಜದಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷಾಂಶವಿರುವುದರಿಂದ ಅದು ಮನುಷ್ಯರು ತಿನ್ನುವ ಬೀಜವೂ ಅಲ್ಲ.

ಈ ತಪ್ಪು ಹೇಗಾಗುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಭಂಗಿ, ಸೆಣಬು, ಪುಂಡಿಯಂಥ ನಾರು ಕೊಡುವ ಗಿಡಗಳ ಹೆಸರುಗಳು ಬಹಳ ಹಿಂದಿನಿಂದಲೂ ಒಂದರ ಮೇಲೊಂದು ಬಿದ್ದಿವೆ. ನಾವು ದಿನವೂ ಪಲ್ಯ ಮಾಡುವ ಪುಂಡಿಗೆ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಹಿಬಿಸ್ಕಸ್ ಕ್ಯಾನಬಿನಸ್; ಅದರ ಎಲೆ ಭಂಗಿ ಎಲೆಯನ್ನು ಹೋಲುತ್ತದೆಂಬ ಕಾರಣಕ್ಕೆ ಹಾಗೆ ಕರೆದರು. ಆದರೆ ಪಲ್ಯದ ಸೊಪ್ಪಿನ ಶಾಸ್ತ್ರೀಯ ಹೆಸರಿನಿಂದ ಯಾರಿಗೂ ಅಪಾಯವಿಲ್ಲ. ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರ ಮನೆಗಳಲ್ಲಿ ಬಿತ್ತಿ ಉಳಿದ ಸೆಣಬಿನ ಬೀಜ ಚೀಲದ ತಳದಲ್ಲಿ ಇದ್ದೇ ಇರುತ್ತದೆ. ಇದೇ ಹೆಸರಿನ ಪೊಟ್ಟಣವನ್ನು 'ಆರೋಗ್ಯಕ್ಕೆ ಉತ್ತಮ' ಎಂಬ ಸಾಲಿನೊಂದಿಗೆ ಓದಿದವರೊಬ್ಬರು, ಮನೆಯಲ್ಲೇ ಇರುವುದನ್ನು ದುಡ್ಡು ಕೊಟ್ಟು ಏಕೆ ತರಬೇಕೆಂದು ಆ ಚೀಲಕ್ಕೆ ಕೈ ಹಾಕಿದರೆ ಏನು ಗತಿ? ನಾನು ಮಾರಾಟಗಾರರಿಗೆ ಇದನ್ನು ವಿವರವಾಗಿ ಬರೆದೆ. ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆಂದು ಮೂರನೆಯ ದಿನ ಉತ್ತರ ಬಂತು. ಫೆಬ್ರುವರಿಯಲ್ಲಿ ಮತ್ತೊಮ್ಮೆ ತರಿಸಿದ ತಿರುಳಿನ ಪೊಟ್ಟಣದ ಮೇಲೂ ಅದೇ ಹೆಸರಿತ್ತು. ರುಚಿಗೂ ಗುಣಮಟ್ಟಕ್ಕೂ ಎಷ್ಟೇ ಅಂಕ ಕೊಟ್ಟರೂ, ಈ ಒಂದು ಕಾರಣಕ್ಕೆ ಆ ಮಾರಾಟಗಾರರನ್ನು ನಮ್ಮ ಭಾಗದವರಿಗೆ ಸೂಚಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಕೈಯಲ್ಲಿ ಹಿಡಿದು ನೋಡಿದರೆ ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಭಂಗಿ ಬೀಜ ಕೊತ್ತಂಬರಿ ಬೀಜಕ್ಕಿಂತ ತುಸು ಚಿಕ್ಕದು, ಮೊಟ್ಟೆಯಾಕಾರದ್ದು. ಬೂದು ಬಣ್ಣದ ಮೇಲೆ ಕಂದು ಗೆರೆಗಳು ಬಲೆಯಂತೆ ಹರಡಿರುತ್ತವೆ, ಉಗುರಿನಿಂದ ಒತ್ತಿದರೆ ಟಪ್ಪೆಂದು ಒಡೆದು ಬಿಳಿ ತಿರುಳು ಕಾಣುತ್ತದೆ. ಸೆಣಬಿನ ಬೀಜ ಚಪ್ಪಟೆ, ಹೆಚ್ಚು ಕಪ್ಪು, ಮೂತ್ರಪಿಂಡದ ಆಕಾರದ್ದು. ಮಾವನವರು ತಟ್ಟೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಹರಡಿಸಿ ನೋಡಿದ ಮೇಲೆಯೇ ಡಬ್ಬಿಗೆ ತುಂಬಲು ಬಿಟ್ಟರು.

ಓಣಿಯವರ ಮೊದಲ ಪ್ರಶ್ನೆ ಮಾತ್ರ ಬೇರೆಯದೇ ಆಗಿತ್ತು: ಇದು ಅಮಲು ಬರಿಸುತ್ತದೆಯೇ, ಮನೆಯಲ್ಲಿಟ್ಟರೆ ಪೊಲೀಸರು ಬರುವುದಿಲ್ಲವೇ? ಅಮಲಿಗೆ ಕಾರಣವಾದ ಟಿಎಚ್‌ಸಿ ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ ಅತಿ ಹೆಚ್ಚು, ಎಲೆಯಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಬೀಜದ ಒಳಗೆ ಅದು ಹುಟ್ಟುವುದಿಲ್ಲ. ಹೊರಗಿನ ಅಂಟು ಸಿಪ್ಪೆಗೆ ತಾಗಿದಷ್ಟು ಮಾತ್ರ ಬರುತ್ತದೆ. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು; ಆ ತುದಿಗಳು ಜೊತೆಗಿಲ್ಲದಿದ್ದರೆ ಬೀಜವೂ ಎಲೆಯೂ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2021ರ ನವೆಂಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಭಂಗಿ ಬೀಜ, ಬೀಜದೆಣ್ಣೆ ಮತ್ತು ಬೀಜದ ಹಿಟ್ಟನ್ನು ಆಹಾರವೆಂದು ಅಂಗೀಕರಿಸಿ, ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿತು. ನಾವು ಐದು ಜನ ಎರಡು ತಿಂಗಳು ತಿಂದರೂ ಯಾರಿಗೂ ತಲೆ ತಿರುಗಿಲ್ಲ, ಕಣ್ಣು ಕೆಂಪಾಗಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಿಪ್ಪೆಯಿರುವ ಬೀಜವನ್ನು ಕುತೂಹಲಕ್ಕೆಂದು ಹಿತ್ತಲಿನಲ್ಲಿ ಊರಬಾರದು. ಪರವಾನಗಿಯಿಲ್ಲದೆ ಆ ಗಿಡ ಬೆಳೆಸುವುದು ಅದೇ ಕಾಯಿದೆಯ ಪ್ರಕಾರ 10 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಬೀಜದ ಮಾತು ಬಂದಾಗ ಭಂಗಿ ಸೊಪ್ಪನ್ನೂ ಅದರ ಜೊತೆಗೇ ಸೇರಿಸಿ ಮಾತನಾಡುವವರಿದ್ದಾರೆ. ಶಿವರಾತ್ರಿಗೋ ಹೋಳಿಗೋ ಹಾಲು, ಬಾದಾಮಿಯೊಂದಿಗೆ ಅರೆದು ಕುಡಿಯುವ ಭಂಗಿ ಎಲೆಯದು, ಅದರಲ್ಲಿ ಅಮಲಿರುತ್ತದೆ. ಅದು ಸೇದಿದ ಗಾಂಜಾದಂತೆ ಕೆಲವೇ ನಿಮಿಷಗಳಲ್ಲಿ ತಲೆಗೇರುವುದಿಲ್ಲ. ಹೊಟ್ಟೆಗೆ ಹೋದದ್ದು ಯಕೃತ್ತಿನಲ್ಲಿ ಇನ್ನಷ್ಟು ತೀಕ್ಷ್ಣವಾದ ರೂಪಕ್ಕೆ ಬದಲಾಗಿ, ಅರ್ಧ ಗಂಟೆಯಿಂದ ಎರಡು ಗಂಟೆಯ ನಂತರ ತಟ್ಟುತ್ತದೆ, ಬಹಳ ಹೊತ್ತು ಇಳಿಯುವುದೂ ಇಲ್ಲ. ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿದವರು ಅಪಾಯಕ್ಕೆ ಸಿಲುಕುವುದು ಇದರಿಂದಲೇ. ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಿಂದ ಬಳಸುವುದೂ ಈ ಎಲೆಯನ್ನೇ. ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕಾದ ದ್ರವ್ಯಗಳ ಸರ್ಕಾರಿ ಪಟ್ಟಿಯಲ್ಲಿ ಭಂಗಿ ಇದೆ, ಅಲ್ಲಿಯೂ ಬೀಜವನ್ನು ಹೊರಗಿಟ್ಟಿದ್ದಾರೆ. ಆದ್ದರಿಂದ ಎಣ್ಣೆ ಕೊಳ್ಳುವಾಗ ಅದು ಬೀಜದೆಣ್ಣೆಯೋ ಎಲೆಯ ಸಾರವೋ ಎಂದು ಪೊಟ್ಟಣ ತಿರುಗಿಸಿ ನೋಡಲೇಬೇಕು. ಎರಡೂ ಒಂದೇ ಬಗೆಯ ಪುಟ್ಟ ಬಾಟಲಿಗಳಲ್ಲಿ ಬರುತ್ತವೆ.

ಇನ್ನು ಅಡುಗೆಯ ವಿಷಯ. ಸಿಪ್ಪೆಯಿರುವ ಬೀಜವನ್ನು ಮೊದಲ ದಿನ ಅಗಸೆಯಂತೆಯೇ ಜೋರು ಉರಿಯ ಮೇಲೆ ಹುರಿದು ಕೆಡಿಸಿದೆ. ಬೀಜ ಚಟಪಟನೆ ಸಿಡಿಯುವ ಮೊದಲೇ ಎಣ್ಣೆ ಕಮಟು ವಾಸನೆಗೆ ತಿರುಗಿತ್ತು, ಪುಡಿ ನಾಲಿಗೆಯ ಹಿಂಭಾಗದಲ್ಲಿ ಕಹಿಯಾಯಿತು. ಎರಡನೆಯ ಸಲ ರೊಟ್ಟಿ ಬೇಯಿಸಿ ಇಳಿಸಿದ ಹೆಂಚಿನ ಮೇಲೆ, ಒಲೆ ಆರಿಸಿ, ಕೈಯಾಡಿಸುತ್ತ ಹುರಿದೆ. ಒಂದೆರಡು ನಿಮಿಷದಲ್ಲಿ ನಾಲ್ಕೈದು ಬೀಜ ಸಿಡಿದವು, ಹುರಿದ ಶೇಂಗಾದ ಘಮದೊಳಗೆ ಹಸಿ ಹುಲ್ಲಿನ ಎಳೆಯೊಂದು ಸೇರಿದಂಥ ವಾಸನೆ ಬಂತು; ತೆಗೆಯಬೇಕಾದ ಸಮಯ ಅದೇ. ಸಮಪ್ರಮಾಣದ ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಒಂದು ಎಸಳು ಹುಣಸೆಹಣ್ಣು, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದರೆ ಜೋಳದ ರೊಟ್ಟಿಗೂ ಮೊಸರಿಗೂ ಒಪ್ಪುವ ಚಟ್ನಿಪುಡಿ ಆಗುತ್ತದೆ. ಸಿಪ್ಪೆಯ ಚೂರುಗಳು ಮಾತ್ರ ಎಷ್ಟು ಕುಟ್ಟಿದರೂ ಹಲ್ಲಿಗೆ ಸಿಗುತ್ತವೆ. ಮಾವನವರು ರುಚಿಯನ್ನು ಮೆಚ್ಚಿದರೂ ಎರಡನೆಯ ರೊಟ್ಟಿಗೆ ಅದನ್ನು ಹಚ್ಚಿಕೊಳ್ಳಲಿಲ್ಲ. ಕುಮಾವೂನಿನವರಂತೆ ನೀರು ಹಾಕಿ ಅರೆದು ಸೋಸಿದರೆ ಈ ತೊಂದರೆಯಿಲ್ಲ, ಮಗಳ ನೆನಪಿನಲ್ಲಿದ್ದ ರುಚಿ ಬಂದದ್ದೂ ಹಾಗೆ ಮಾಡಿದಾಗಲೇ.

ಮೂರರಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ತಿರುಳು. ಹಸಿರು ಛಾಯೆಯ ಬಿಳಿ ಚೂರುಗಳು, ಎಳ್ಳಿಗಿಂತ ದಪ್ಪ, ಬಾಯಲ್ಲಿ ಬೆಣ್ಣೆಯಂತೆ ಕರಗುತ್ತವೆ. ಹುರಿಯುವ, ನೆನೆಸುವ ಕೆಲಸವಿಲ್ಲ. ಪುಂಡಿಪಲ್ಯ ಇಳಿಸಿದ ಮೇಲೆ ಒಂದು ಚಮಚ ಉದುರಿಸಿದರೆ ಅದರ ಹುಳಿಯ ಚೂಪು ತಗ್ಗಿ, ಶೇಂಗಾಪುಡಿ ಹಾಕಿದಂಥ ಮೈ ಬರುತ್ತದೆ. ನೀರಿನೊಂದಿಗೆ ರುಬ್ಬಿದರೆ ಸೋಸುವ ಅಗತ್ಯವಿಲ್ಲದೆ ಹಾಲಾಗುತ್ತದೆ. ಆದರೆ ಚಹಾಕ್ಕೆ ಹಾಕಿದರೆ ಒಡೆಯುತ್ತದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 31 ಗ್ರಾಂ ಪ್ರೋಟೀನು, 48 ಗ್ರಾಂ ಕೊಬ್ಬು ಇರುತ್ತದೆ. ಬೇಳೆ ಒಗ್ಗದ ವಯಸ್ಸಾದವರಿಗೆ ದಿನಕ್ಕೆ ಎರಡು ಚಮಚ ಇದನ್ನು ಕೊಡುವುದು ಸುಲಭ. ನಾರಿನಂಶ ಸಿಪ್ಪೆಯೊಂದಿಗೆ ಹೋಗಿರುವುದರಿಂದ, ಮಲಬದ್ಧತೆಗೆ ಇದನ್ನು ನಂಬಬಾರದು.

ಎಣ್ಣೆಯ ಬಣ್ಣ ಕಡು ಹಸಿರು. ಇದು ಒಗ್ಗರಣೆಗೆ ತಕ್ಕದ್ದಲ್ಲ. ಬೇಗ ಹೊಗೆಯಾಡುತ್ತದೆ, ಕಾದರೆ ಒಳ್ಳೆಯ ಅಂಶವೂ ಹಾಳಾಗುತ್ತದೆ. ಚಟ್ನಿಪುಡಿಗೆ ಕಲಸಿಕೊಳ್ಳಲು ಚೆನ್ನಾಗಿದೆ. ಬಾಟಲಿ ಗಾಢ ಬಣ್ಣದ್ದಾಗಿರಬೇಕು, ತೆರೆದ ಮೇಲೆ ಫ್ರಿಜ್ಜಿನಲ್ಲಿಡಬೇಕು. ನಮಗೆ ಬಂದ ಬಾಟಲಿ ಗಾಢವಾಗಿಯೇ ಇತ್ತು, ಆದರೆ ಫ್ರಿಜ್ಜಿನಲ್ಲಿಡುವ ಸೂಚನೆ ಎಲ್ಲಿಯೂ ಇರಲಿಲ್ಲ. ನಮ್ಮ ಬಿಸಿಲಿನಲ್ಲಿ, ಏಪ್ರಿಲ್ ತಿಂಗಳ ಅಡುಗೆಮನೆಯ ಕಪಾಟಿನಲ್ಲಿ, ಇಂಥ ಎಣ್ಣೆ ಕೆಲವೇ ವಾರಗಳಲ್ಲಿ ಕಮಟಾಗುತ್ತದೆ.

ಬೆಲೆಯ ಮಾತು ಬಂದಾಗ ಅಗಸೆಯ ಪರವಾಗಿ ಒಂದು ಮಾತು ಹೇಳಬೇಕು. ಒಮೆಗಾ-3 ಎಂಬ ಕೊಬ್ಬಿನಾಮ್ಲ ಸಿಗುತ್ತದೆಂದು ಈ ಬೀಜವನ್ನು ಮಾರುತ್ತಾರೆ. ಅದು ಸುಳ್ಳಲ್ಲ, ಆದರೆ ಭಂಗಿ ಬೀಜದ ಎಣ್ಣೆಯಲ್ಲಿ ಆ ಆಮ್ಲ ಸುಮಾರು ಐದನೆಯ ಒಂದು ಪಾಲು, ಅಗಸೆಯೆಣ್ಣೆಯಲ್ಲಿ ಅದು ಅರ್ಧಕ್ಕೂ ಹೆಚ್ಚು. ಗಂಗಾವತಿಯ ಸಂತೆಯಲ್ಲಿ ಕಾಲು ಕಿಲೋ ಅಗಸೆಗೆ ನಾನು ಕೊಟ್ಟದ್ದು 40 ರೂಪಾಯಿ, ಇದೇ ತೂಕದ ತಿರುಳಿಗೆ 620 ರೂಪಾಯಿ. ಅಗಸೆ ಚಟ್ನಿಪುಡಿ ತಿನ್ನುವ ಮನೆಯವರು ಒಮೆಗಾ-3ಕ್ಕಾಗಿ ಇದನ್ನು ತರಿಸಬೇಕಾಗಿಲ್ಲ. ಪ್ರೋಟೀನಿಗಾಗಿ, ಬೆಣ್ಣೆಯಂಥ ರುಚಿಗಾಗಿ, ಅಗಿಯುವ ಕಷ್ಟವಿಲ್ಲದ್ದಕ್ಕಾಗಿ ತಿರುಳನ್ನು ತರಿಸಬಹುದು.

ನಾವು ಮುಂದೆಯೂ ತಿರುಳೊಂದನ್ನೇ ತರಿಸುತ್ತೇವೆ, ಕನ್ನಡದಲ್ಲಿ 'ಭಂಗಿ ಬೀಜ' ಎಂದು ಸರಿಯಾಗಿ ಅಚ್ಚು ಹಾಕಿದ ಬೇರೆ ಮಾರಾಟಗಾರರು ಸಿಕ್ಕಿದ ಮೇಲೆ. ಅಲ್ಲಿಯವರೆಗೆ ಅಡುಗೆಮನೆಯ ಡಬ್ಬಿಗೆ ಮಗಳು ಅಂಟಿಸಿದ ಚೀಟಿಯೇ ಗತಿ: "ಭಂಗಿ ಬೀಜದ ತಿರುಳು, ತಿನ್ನಲಿಕ್ಕೆ. ಸೆಣಬು ಅಲ್ಲ." ಬಿತ್ತಿ ಉಳಿದಿದ್ದ ಸೆಣಬಿನ ಚೀಲವನ್ನು ಮಾವನವರು ಅಂದೇ ಉಗ್ರಾಣದಿಂದ ತೆಗೆಸಿ ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದಾರೆ.