ಸ್ಪ್ರೆಡ್‌ಶೀಟ್, ಟೈನಿಕ್ಯಾಟ್, ಕೋಹಾ: ಶಾಲಾ ಗ್ರಂಥಾಲಯದ ಕೌಂಟರಿನಲ್ಲಿ ಯಾವುದು ನಿಲ್ಲುತ್ತದೆ?

ಗ್ರಂಥಾಲಯದ ಸಾಫ್ಟ್‌ವೇರ್ ಆರಿಸುವಾಗ ಕ್ಯಾಟಲಾಗ್ ಪರದೆಯ ಅಂದಚೆಂದ ನೋಡಿ ಮರುಳಾಗುವುದು ಸುಲಭ. ನಿಜವಾದ ಪರೀಕ್ಷೆ ನಡೆಯುವುದು ಬಿಡುವಿನ ಗಂಟೆ ಹೊಡೆದು ಮಕ್ಕಳು ಕೌಂಟರಿಗೆ ಮುಗಿಬಿದ್ದಾಗ. ಆ ಕಣ್ಣಿನಿಂದಲೇ ಮೂರು ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ. ಮೂರಕ್ಕೂ ಹಾಕಿದ್ದು ಒಂದೇ ಬಗೆಯ ಪುಸ್ತಕಗಳ ರಾಶಿ: ಒಂದೇ ಶೀರ್ಷಿಕೆಯ ಹಲವು ಪ್ರತಿಗಳು, ಐಎಸ್‌ಬಿಎನ್ (ಪುಸ್ತಕದ ಪ್ರತಿ ಆವೃತ್ತಿಗೂ ಇರುವ ಅಂತರರಾಷ್ಟ್ರೀಯ ಸಂಖ್ಯೆ) ಇಲ್ಲದ ಹಳೆಯವು, 10 ಅಂಕಿಯ ಐಎಸ್‌ಬಿಎನ್ ಇರುವವು, ಕನ್ನಡ ಲಿಪಿಯವು.

ಮೂರಕ್ಕೂ ಅನ್ವಯಿಸುವ ಮಾತೊಂದನ್ನು ಮೊದಲೇ ಹೇಳಿಬಿಡಬೇಕು. ಪುಸ್ತಕದ ಹಿಂದೆ ಅಚ್ಚಾಗಿರುವ ಬಾರ್‌ಕೋಡನ್ನೇ ಇಶ್ಯೂಗೆ ಬಳಸಬೇಡಿ. ಅದು ಆವೃತ್ತಿಯ ಗುರುತು. ಐದು ಪ್ರತಿ ಇದ್ದರೆ ಐದಕ್ಕೂ ಅದೇ ಸಂಖ್ಯೆ. ಯಾವ ಪ್ರತಿ ಯಾರ ಬಳಿ ಇದೆ ಎಂದು ತಿಳಿಯಬೇಕಾದರೆ ಪ್ರತಿಯೊಂದಕ್ಕೂ ಅಕ್ಸೆಷನ್ ನಂಬರಿನ, ಅಂದರೆ ಗ್ರಂಥಾಲಯವೇ ಒಂದೊಂದು ಪ್ರತಿಗೂ ಕೊಡುವ ಸಂಖ್ಯೆಯ, ಬೇರೆ ಲೇಬಲ್ ಬೇಕು. ಬಾರ್‌ಕೋಡಿನ ಬಗೆಗಳಲ್ಲಿ ಕೋಡ್ 39 ಅಥವಾ ಕೋಡ್ 128 ಸಾಕು. ಗೆರೆಗಳ ಎಡಬಲದಲ್ಲಿ ಅತಿ ಸಣ್ಣ ಗೆರೆಯ ಹತ್ತು ಪಟ್ಟಿನಷ್ಟಾದರೂ ಬಿಳಿ ಜಾಗ ಉಳಿಯಬೇಕು. ಕತ್ತರಿ ಹಾಕುವಾಗ ಅದನ್ನು ಕಳೆದುಕೊಂಡ ಲೇಬಲನ್ನು ಸ್ಕ್ಯಾನರ್ ಓದುವುದಿಲ್ಲ, ತಪ್ಪೆಲ್ಲ ಸ್ಕ್ಯಾನರಿನ ತಲೆಗೆ ಬರುತ್ತದೆ. ಲೇಬಲ್ ಹೊರರಕ್ಷಾಪುಟದ ಮೇಲಿರಲಿ, ಒಳಗಡೆ ಬೇಡ. ಇಶ್ಯೂ ಮಾಡುವಾಗ ಪುಟ ತೆರೆಯುವ ಕೆಲಸವೇ ತಪ್ಪುತ್ತದೆ.

ಸ್ಪ್ರೆಡ್‌ಶೀಟ್ ಕಡಿಮೆ ಖರ್ಚಿನದು, ಎಲ್ಲರಿಗೂ ಗೊತ್ತಿರುವುದು, ಹಾಗೆಯೇ ಸದ್ದಿಲ್ಲದೆ ಕೆಡುವುದು. ಕನಿಷ್ಠ ಮೂರು ಹಾಳೆ ಬೇಕು: ಪುಸ್ತಕ, ಸದಸ್ಯರು, ವಹಿವಾಟು. ಪುಸ್ತಕದ ಹಾಳೆಯಲ್ಲಿ ಒಂದು ಸಾಲು ಅಂದರೆ ಒಂದು ಪ್ರತಿ. ಶೀರ್ಷಿಕೆಗೊಂದು ಸಾಲು ಬರೆದು ಪಕ್ಕದಲ್ಲಿ ‘5 ಪ್ರತಿ’ ಎಂದು ಹಾಕಿದರೆ ಮುಂದೆ ಯಾವ ಸಾಫ್ಟ್‌ವೇರಿಗೂ ಅದನ್ನು ನೇರವಾಗಿ ಸಾಗಿಸಲಾಗದು. ವಹಿವಾಟಿನ ಹಾಳೆಯಲ್ಲಿ ಅಕ್ಸೆಷನ್ ನಂಬರ್, ಸದಸ್ಯರ ಸಂಖ್ಯೆ, ಕೊಟ್ಟ ದಿನ, ಡ್ಯೂ ಡೇಟ್, ಮರಳಿದ ದಿನ, ಇಷ್ಟೇ. ಮರಳಿದ ದಿನ ಖಾಲಿ ಇರುವ ಸಾಲುಗಳನ್ನು ಫಿಲ್ಟರ್ ಮಾಡಿದರೆ ಹೊರಗಿರುವ ಪುಸ್ತಕಗಳ ಪಟ್ಟಿ ಸಿದ್ಧ.

ಕೆಡುವುದು ಎಲ್ಲಿ ಎಂದರೆ ಸಂಖ್ಯೆಗಳಲ್ಲಿ. 2007ರ ಜನವರಿ 1ಕ್ಕೂ ಮೊದಲಿನ ಐಎಸ್‌ಬಿಎನ್ 10 ಅಂಕಿಯದು. ಸೊನ್ನೆಯಿಂದ ಶುರುವಾದರೆ ಎಕ್ಸೆಲ್ ಆ ಸೊನ್ನೆಯನ್ನು ನುಂಗುತ್ತದೆ. ಕೊನೆಗೆ ‘ಎಕ್ಸ್’ ಬಂದರೆ ಆ ಕೋಶ ಪಠ್ಯವಾಗಿ, ಉಳಿದವು ಸಂಖ್ಯೆಗಳಾಗಿ ಕೂತು, ಹುಡುಕುವ ಸೂತ್ರ ಕಣ್ಣೆದುರಿಗಿರುವ ಪುಸ್ತಕವನ್ನೇ ಇಲ್ಲ ಎನ್ನುತ್ತದೆ. 13 ಅಂಕಿಯದು ಇಕ್ಕಟ್ಟಾದ ಕಾಲಂನಲ್ಲಿ 9.78ಇ+12 ಎಂದು ಕಾಣಿಸುತ್ತದೆ. ಹಾಗೆ ಕಾಣುತ್ತಿರುವಾಗಲೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕಡತ) ಆಗಿ ಉಳಿಸಿದರೆ ಕಡತಕ್ಕೆ ಹೋಗುವುದೂ ಅದೇ, ಕೊನೆಯ ಅಂಕಿಗಳು ಹೋದಂತೆಯೇ ಲೆಕ್ಕ. ಮದ್ದು ಒಂದೇ: ಮೊದಲ ಎಂಟ್ರಿಗೂ ಮುಂಚೆ ಐಎಸ್‌ಬಿಎನ್, ಅಕ್ಸೆಷನ್ ನಂಬರ್ ಎರಡೂ ಕಾಲಂಗಳನ್ನು ‘ಟೆಕ್ಸ್ಟ್’ ಮಾಡಿಡುವುದು. ಆಮೇಲೆ ಮಾಡಿದರೆ ನುಂಗಿದ ಸೊನ್ನೆ ವಾಪಸ್ ಬರುವುದಿಲ್ಲ.

ಇನ್ನೊಂದು ತೊಂದರೆ ಕೌಂಟರಿನದು. ಸ್ಕ್ಯಾನರ್ ಅಂದರೆ ಕಂಪ್ಯೂಟರಿನ ಮಟ್ಟಿಗೆ ಇನ್ನೊಂದು ಕೀಬೋರ್ಡ್. ಕರ್ಸರ್ ಎಲ್ಲಿದೆಯೋ ಅಲ್ಲಿ ಸಂಖ್ಯೆ ಹೊಡೆದು ಎಂಟರ್ ಒತ್ತುತ್ತದೆ. ಕರ್ಸರ್ ತಪ್ಪಿ ಶೀರ್ಷಿಕೆಯ ಮೇಲಿದ್ದರೆ ಶೀರ್ಷಿಕೆ ಮಾಯ. ಸ್ಕ್ಯಾನರಿನ ಕೈಪಿಡಿಯಲ್ಲಿರುವ ಸೆಟ್ಟಿಂಗ್ ಬಾರ್‌ಕೋಡ್ ಓದಿಸಿ ಎಂಟರ್ ಬದಲು ಟ್ಯಾಬ್ ಬರುವಂತೆ ಮಾಡಿಕೊಳ್ಳಬಹುದು, ಪುಸ್ತಕದ ಹಾಳೆಗೆ ಬೀಗ ಹಾಕಬಹುದು. ಆದರೂ ನಿಷೇಧಿಸುವ ಬುದ್ಧಿ ಹಾಳೆಗೆ ಇಲ್ಲ. ಈಗಾಗಲೇ ಹೊರಗಿರುವ ಪುಸ್ತಕವನ್ನು ಇನ್ನೊಬ್ಬರಿಗೆ ಇಶ್ಯೂ ಮಾಡಿದರೂ ಅದು ಸುಮ್ಮನೆ ಬರೆದುಕೊಳ್ಳುತ್ತದೆ.

ಟೈನಿಕ್ಯಾಟ್ ಇಲ್ಲಿಂದ ಒಂದು ಮೆಟ್ಟಿಲು ಮೇಲೆ. ಲೈಬ್ರರಿಥಿಂಗ್ ಎಂಬ ಆನ್‌ಲೈನ್ ಪುಸ್ತಕಪಟ್ಟಿಯ ತಾಣದ ದಾಖಲೆಗಳ ಮೇಲೆ ನಿಂತ ಸೇವೆ ಇದು. 20,000 ಪುಸ್ತಕಗಳೊಳಗಿನ ಸಣ್ಣ ಗ್ರಂಥಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಸರ್ವರ್ ಗೋಜಿಲ್ಲ. ಐಎಸ್‌ಬಿಎನ್ ಕೊಟ್ಟರೆ ಮುಖಪುಟ ಸಮೇತ ದಾಖಲೆ ಬರುತ್ತದೆ, ಇಶ್ಯೂ–ರಿಟರ್ನ್ ಬ್ರೌಸರಿನಲ್ಲೇ ಆಗುತ್ತದೆ. ಎಂಟ್ರಿಯ ವೇಗದಲ್ಲಿ ಇದಕ್ಕೆ ಸಾಟಿ ಉಳಿದೆರಡರಲ್ಲಿ ಇಲ್ಲ. ದಾಖಲೆಯ ಮೂಲವನ್ನು ಆರಿಸುವಾಗ ಮಾತ್ರ ಎಚ್ಚರ ಬೇಕು. ಪುಸ್ತಕದಂಗಡಿಯ ಮೂಲದಿಂದ ತಂದರೆ ಶೀರ್ಷಿಕೆಯ ಬಾಲಕ್ಕೆ ಮಾಲೆಯ ಹೆಸರು, ರಟ್ಟಿನ ಬಗೆ ಎಲ್ಲ ಅಂಟಿಕೊಂಡು ಬರಬಹುದು. ಗ್ರಂಥಾಲಯದ ಮೂಲ, ಉದಾಹರಣೆಗೆ ಲೈಬ್ರರಿ ಆಫ್ ಕಾಂಗ್ರೆಸ್, ಆರಿಸಿದರೆ ವರ್ಗೀಕರಣ ಸಂಖ್ಯೆಯೂ ಸಿಗುವ ಸಾಧ್ಯತೆ ಹೆಚ್ಚು. ಕನ್ನಡ ಪುಸ್ತಕಗಳ ದಾಖಲೆ ಸಿಕ್ಕರೂ ಎಷ್ಟೋ ಸಲ ರೋಮನ್ ಲಿಪಿಯಲ್ಲಿರುತ್ತದೆ, ಅವನ್ನು ಕೈಯಿಂದಲೇ ತಿದ್ದಬೇಕು. ಕುಲನಾಮ ಮೊದಲು, ಹೆಸರು ಆಮೇಲೆ ಎಂಬ ಅಲ್ಪವಿರಾಮದ ಪದ್ಧತಿ ಇನಿಷಿಯಲ್ ಇರುವ ಹೆಸರುಗಳಿಗೆ ಒಗ್ಗುವುದಿಲ್ಲ. ಮೊದಲ ದಿನವೇ ಒಂದು ಕ್ರಮ ಗೊತ್ತುಮಾಡಿಕೊಳ್ಳದಿದ್ದರೆ ಒಬ್ಬರೇ ಲೇಖಕರು ಕ್ಯಾಟಲಾಗಿನಲ್ಲಿ ಮೂವರಾಗುತ್ತಾರೆ.

ಸಂಸ್ಥೆಗಳಿಗೆ ಚಂದಾ ಇದೆ. ಇಂಟರ್ನೆಟ್ ಹೋದರೆ ಕೌಂಟರೂ ಹೋಯಿತು. ಮಕ್ಕಳ ಮಾಹಿತಿ ಹೊರಗಿನ ಸರ್ವರಿನಲ್ಲಿ ಕೂರುವುದರಿಂದ ಸದಸ್ಯರ ಪಟ್ಟಿಗೆ ಸಂಖ್ಯೆ, ಹೆಸರು, ತರಗತಿ ಬಿಟ್ಟು ಬೇರೇನೂ ಹಾಕದಿರುವುದು ಒಳ್ಳೆಯದು. ಹುಟ್ಟಿದ ದಿನ, ಫೋನ್ ನಂಬರ್ ಇಲ್ಲದೆಯೂ ಪುಸ್ತಕ ಕೊಡಬಹುದು.

ಕೋಹಾ ಬೇರೆಯದೇ ಲೋಕ. ನ್ಯೂಜಿಲೆಂಡಿನಲ್ಲಿ ಹುಟ್ಟಿ, 2000ದ ಜನವರಿಯಿಂದ ಬಳಕೆಯಲ್ಲಿರುವ ಈ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಆದರೆ ಲಿನಕ್ಸ್ ಬಲ್ಲವರೊಬ್ಬರು ಕೈಗೆ ಸಿಗುವಂತಿರಬೇಕು. ಶಾಲೆಯ ಒಳಜಾಲದಲ್ಲೇ ಒಂದು ಕಂಪ್ಯೂಟರಿನಲ್ಲಿ ಕೂರಿಸಿದರೆ ಇಂಟರ್ನೆಟ್ ಇಲ್ಲದೆಯೂ ಇಶ್ಯೂ ನಡೆಯುತ್ತದೆ. ನಿಯಮಗಳ ವಿಷಯದಲ್ಲಿ ಇದರ ಮುಂದೆ ಉಳಿದೆರಡೂ ಮಂಕು. ಸದಸ್ಯರ ವರ್ಗ, ಪುಸ್ತಕದ ಬಗೆ ಎರಡನ್ನೂ ಜೋಡಿಸಿ ಯಾರಿಗೆ ಎಷ್ಟು, ಎಷ್ಟು ದಿನ ಎಂದು ಬರೆಯಬೇಕು. ಬರೆಯದಿದ್ದರೆ ಕೋಹಾ ಪುಸ್ತಕ ಕೊಡಲು ಒಪ್ಪುವುದಿಲ್ಲ; ಹೊಸಬರು ‘ಕೆಟ್ಟುಹೋಗಿದೆ’ ಎಂದು ಕೈಚೆಲ್ಲುವುದು ಹೆಚ್ಚಾಗಿ ಇಲ್ಲೇ. ಶಾಲೆಗೆ ಹೇಳಿಮಾಡಿಸಿದಂಥ ಸೌಲಭ್ಯ ಎಂದರೆ ‘ಹಾರ್ಡ್ ಡ್ಯೂ ಡೇಟ್’: ಪುಸ್ತಕ ಯಾವಾಗಲೇ ಒಯ್ದಿರಲಿ, ವರ್ಷಾಂತ್ಯದ ಇಂಥ ದಿನದೊಳಗೆ ಮರಳಬೇಕು ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು. ರಜೆಗಳನ್ನು ಕ್ಯಾಲೆಂಡರಿಗೆ ತುಂಬಿ, ಅದನ್ನು ಲೆಕ್ಕಕ್ಕೆ ಹಿಡಿಯುವ ಸೆಟ್ಟಿಂಗ್ ಹಾಕಿದರೆ ಡ್ಯೂ ಡೇಟ್ ಭಾನುವಾರಕ್ಕೆ ಬೀಳುವುದೂ ತಪ್ಪುತ್ತದೆ.

ಕನ್ನಡ ಹುಡುಕಾಟದ ಒಂದು ಸೂಕ್ಷ್ಮ ಉಂಟು. ಕೋಹಾದ ಹುಡುಕು ಯಂತ್ರ ಸಾಮಾನ್ಯವಾಗಿ ಜೀಬ್ರಾ. ಅದನ್ನು ಐಸಿಯು ಎಂಬ, ಯುನಿಕೋಡ್ ಲಿಪಿಗಳನ್ನು ಬಲ್ಲ ಪದ್ಧತಿಯಲ್ಲಿ ಇಂಡೆಕ್ಸ್ (ಹುಡುಕಾಟದ ಸೂಚಿ) ಮಾಡಿಸಬೇಕು. ಸಿಎಚ್‌ಆರ್ ಪದ್ಧತಿ ಲ್ಯಾಟಿನ್ ಅಲ್ಲದ ಲಿಪಿಗಳನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಆಗ ದಾಖಲೆ ತೆರೆದರೆ ಕನ್ನಡ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅನುಸ್ಥಾಪನೆಯ ಹೊತ್ತಿಗೇ ಕೇಳಿ ಮಾಡಿಸಿಕೊಳ್ಳಿ, ತಡವಾದರೆ ಇಡೀ ಇಂಡೆಕ್ಸನ್ನು ಮರುಕಟ್ಟಬೇಕು.

ಹಾಳೆಯಿಂದ ಕೋಹಾಕ್ಕೆ ಸಾಗಿಸಲು ಉಚಿತವಾದ ಮಾರ್ಕ್‌ಎಡಿಟ್‌ನ ‘ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್’ ಇದೆ. ಕೋಹಾ ದಾಖಲೆ ಇಡುವುದು ಮಾರ್ಕ್ ಎಂಬ ಗ್ರಂಥಾಲಯದ ಮಾದರಿಯಲ್ಲಿ, ಅಲ್ಲಿ ಒಂದೊಂದು ವಿವರಕ್ಕೂ ಒಂದೊಂದು ಸಂಖ್ಯೆಯ ಕ್ಷೇತ್ರ: ಲೇಖಕರು 100ಕ್ಕೆ, ಶೀರ್ಷಿಕೆ 245ಕ್ಕೆ, ಐಎಸ್‌ಬಿಎನ್ 020ಕ್ಕೆ, ಪ್ರತಿಯ ವಿವರ 952ಕ್ಕೆ. ಈ 952ರ ಒಳಗಿನ ಉಪಕ್ಷೇತ್ರಗಳಲ್ಲಿ ಎ, ಬಿ ಎರಡೂ ಗ್ರಂಥಾಲಯದ ಕೋಡ್, ಒ ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ), ಪಿ ಬಾರ್‌ಕೋಡ್, ವೈ ಪುಸ್ತಕದ ಬಗೆ. ಕೋಡ್‌ಗಳು ಕೋಹಾದಲ್ಲಿ ಬರೆದಿಟ್ಟಂತೆಯೇ ಇರಬೇಕು. ತಪ್ಪಿದರೆ ಶೀರ್ಷಿಕೆ ಬಂದರೂ ಪ್ರತಿ ಬರುವುದಿಲ್ಲ. ದಾಖಲೆಯ ಆರಂಭದ ಸಾಲಾದ ಲೀಡರ್‌ನ 9ನೇ ಸ್ಥಾನದಲ್ಲಿ (ಸೊನ್ನೆಯಿಂದ ಎಣಿಸಿ) ‘ಎ’ ಅಕ್ಷರ ಇದೆಯೇ ನೋಡಿ, ಇದು ಯುನಿಕೋಡ್ ದಾಖಲೆ ಎಂದು ಹೇಳುವುದು ಅದೇ. ಅಲ್ಲಿ ಖಾಲಿ ಇದ್ದರೆ ಕನ್ನಡ ಅಕ್ಷರಗಳು ಚಿಂದಿಯಾಗಬಹುದು.

ಬ್ಯಾಕಪ್ ವಿಷಯದಲ್ಲಿ ಕೋಹಾ ಸ್ವಲ್ಪ ಮೋಸದ ನೆಮ್ಮದಿ ಕೊಡುತ್ತದೆ. ರಾತ್ರಿ ತಾನಾಗಿ ತೆಗೆಯುವ ಪ್ರತಿ ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿರುತ್ತದೆ, ಡಿಸ್ಕ್ ಹೋದರೆ ಎರಡೂ ಹೋದವು. ವಾರಕ್ಕೊಮ್ಮೆಯಾದರೂ ಹೊರಗಿನ ಡ್ರೈವಿಗೆ ನಕಲು ಹೋಗಬೇಕು.

ಹಾಗಾದರೆ ಯಾವುದು? ಗ್ರಂಥಪಾಲಕರು ಒಬ್ಬರೇ, ತಾಂತ್ರಿಕ ನೆರವಿಲ್ಲ, ಇಂಟರ್ನೆಟ್ ಗಟ್ಟಿಯಾಗಿದೆ, ಚಂದಾ ಕಟ್ಟಲು ಆಡಳಿತ ಒಪ್ಪುತ್ತದೆ ಎಂದರೆ ಟೈನಿಕ್ಯಾಟ್. ಲಿನಕ್ಸ್ ನೋಡಿಕೊಳ್ಳುವವರಿದ್ದಾರೆ, ಪುಸ್ತಕ ಹೆಚ್ಚು, ನಿಯಮಗಳು ಹಲವು ಎಂದರೆ ಕೋಹಾ. ಎರಡೂ ಈ ವರ್ಷ ಆಗದ ಮಾತಾದರೆ ಹಾಳೆಯೇ ಸರಿ, ಪ್ರತಿಗೊಂದು ಸಾಲು, ಪಠ್ಯದ ಕಾಲಂ ಎಂಬ ಶಿಸ್ತಿನಲ್ಲಿ. ಅರ್ಧಂಬರ್ಧ ನೋಡಿಕೊಳ್ಳುವ ಕೋಹಾಕ್ಕಿಂತ ಶಿಸ್ತಿನ ಹಾಳೆ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವುದನ್ನೇ ಒಪ್ಪುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದೇ ಶೀರ್ಷಿಕೆಯ ಎರಡು ಪ್ರತಿಗಳನ್ನು ಇಬ್ಬರಿಗೆ ಇಶ್ಯೂ ಮಾಡಿ, ಎರಡನೆಯವರದ್ದನ್ನು ಮೊದಲು ಮರಳಿ ಪಡೆದು, ಉಳಿದದ್ದು ಸರಿಯಾದ ಹೆಸರಿನಲ್ಲೇ ಇದೆಯೇ ನೋಡಿ. ಆಮೇಲೆ ಇಡೀ ದತ್ತಾಂಶವನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಕನ್ನಡ ಅಕ್ಷರ, ಮುಂದಿನ ಸೊನ್ನೆ, ಬಾರ್‌ಕೋಡ್ ಮೂರೂ ಹಾಗೇ ಬಂದಿದ್ದರೆ ಮಾತ್ರ ಲೇಬಲ್ ಅಚ್ಚುಹಾಕಿಸಲು ಶುರುಮಾಡಿ.