ಎಂಟುನೂರ ತೊಂಬತ್ತೊಂಬತ್ತು ರೂಪಾಯಿಯ ಗುಟ್ಟು

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳ ಕೈಯಲ್ಲಿ ಬಟ್ಟೆಯ ಚೀಲಕ್ಕಿಂತ ಜೋಪಾನವಾಗಿ ಹಿಡಿದಿದ್ದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮೇಲೆ ಕಪ್ಪು ಕನ್ನಡಕದ ಹುಡುಗನೊಬ್ಬನ ಚಿತ್ರ. ಗುಪ್ತಲಿಪಿಯಲ್ಲಿ ಬರೆಯುವುದನ್ನು ಕಲಿಸುವ ಆಟಿಕೆ, ಎಂಟರಿಂದ ಹದಿನಾಲ್ಕು ವರ್ಷದವರಿಗೆ, ಬೆಲೆ 899 ರೂಪಾಯಿ. ಎಪ್ಪತ್ತೆರಡು ವರ್ಷದವರು ಆಡಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ನಾನು ತಂತಿ ಇಲಾಖೆಯಲ್ಲಿ ಸೇವೆ ಮುಗಿಸಿದವನು. ಚುಕ್ಕೆ-ಗೀಟುಗಳ ಜೊತೆ ಅರ್ಧ ಆಯುಷ್ಯ ಕಳೆದವನ ಎದುರಿಗೆ ಇಂಥ ಪೆಟ್ಟಿಗೆ ತಂದಿಟ್ಟರೆ ಸುಮ್ಮನಿರುವುದು ಹೇಗೆ? ಇಪ್ಪತ್ತು ದಿನ ಇಬ್ಬರೂ ಅದರ ಬೆನ್ನು ಬಿದ್ದೆವು.

ತಯಾರಿಸಿದವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇಂಥವು ಆಟಿಕೆ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಹಲವು ಹೆಸರುಗಳಲ್ಲಿ ಸಿಗುತ್ತವೆ. ಕೊಳ್ಳುವವರು ಒಳಗಿನ ಸರಕನ್ನು ನೋಡಿ ತೂಗಿದರೆ ಸಾಕು. ನಮ್ಮದರಲ್ಲಿದ್ದದ್ದು: ಒಂದರ ಮೇಲೊಂದು ತಿರುಗುವ ಎರಡು ಪ್ಲಾಸ್ಟಿಕ್ ತಟ್ಟೆಗಳ ಚಕ್ರ, ಕಣ್ಣಿಗೆ ಕಾಣದ ಶಾಯಿಯ ಪೆನ್ನು, ಅದನ್ನು ಕಾಣಿಸುವ ನೇರಳೆ ದೀಪ, ಆರು ಮುಖದ ಮರದ ಕೋಲು, ಕಾಗದದ ಪಟ್ಟಿಗಳು, ಕಿಂಡಿ ಕೊರೆದ ಒಂದು ರಟ್ಟು, ಕೆಂಪು ಗಾಜುಕಾಗದದ ಒಂದು ತುಂಡು, ನಲವತ್ತು ಪುಟದ ಇಂಗ್ಲಿಷ್ ಕೈಪಿಡಿ. ಕೆಂಪು ಗಾಜುಕಾಗದವನ್ನು ಮಗು ಅರ್ಧ ಗಂಟೆ ಕಣ್ಣಿಗೆ ಹಿಡಿದು ತಿರುಗಿತು. ಅದರ ಬಗ್ಗೆ ಹೇಳುವುದಕ್ಕೆ ಇಷ್ಟೇ ಇರುವುದು.

ಕೈಪಿಡಿಯನ್ನು ತೆರೆದ ಕೂಡಲೇ ನನ್ನ ರಕ್ತದ ಒತ್ತಡ ಏರಿತು. ನಾವು ತಂತಿ ಕಳಿಸುತ್ತಿದ್ದ ಚುಕ್ಕೆ-ಗೀಟುಗಳ ಮೋರ್ಸ್ ಸಂಕೇತವನ್ನು ‘ಗೂಢಚಾರರ ರಹಸ್ಯ ಭಾಷೆ’ ಎಂದು ಕರೆದಿದ್ದಾರೆ. ಸ್ವಾಮಿ, ಅದು ರಹಸ್ಯವಲ್ಲ. ಕಚೇರಿಯಲ್ಲಿ ಯಂತ್ರ ಕಟಕಟ ಎಂದರೆ ಅಲ್ಲಿ ಕುಳಿತ ಎಲ್ಲರಿಗೂ ಯಾರ ಮನೆಯಲ್ಲಿ ಗಂಡು ಮಗು ಹುಟ್ಟಿತು, ಯಾರ ಮನೆಯಲ್ಲಿ ಹಿರಿಯರು ತೀರಿಕೊಂಡರು ಎಂಬುದು ಕಿವಿಯಲ್ಲೇ ತಿಳಿಯುತ್ತಿತ್ತು. ಗುಟ್ಟು ಉಳಿಯುತ್ತಿದ್ದದ್ದು ನಮ್ಮ ಬಾಯಿಯ ಬಿಗಿಯಿಂದ, ಸಂಕೇತದಿಂದಲ್ಲ. ಶುಭಾಶಯದ ತಂತಿಗಳಿಗೂ ಒಂದೊಂದು ಸಂಖ್ಯೆ ಇತ್ತು. ಮದುವೆಯ ಹಾರೈಕೆಯನ್ನು ಪೂರ್ತಿ ಕಳಿಸದೆ ಅದರ ಸಂಖ್ಯೆಯನ್ನಷ್ಟೇ ಕಳಿಸುತ್ತಿದ್ದೆವು, ಆ ಕಡೆಯವರು ವಾಕ್ಯ ತುಂಬಿಕೊಳ್ಳುತ್ತಿದ್ದರು. ಅದೂ ಸಂಕೇತವೇ, ಆದರೆ ಉಳಿತಾಯಕ್ಕಾಗಿ. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು, ಆ ಮಾತು ಬಿಡಿ. ಸಿಟ್ಟು ಬರಿಸಿದ್ದು ಬೇರೆ: ಕೋಷ್ಟಕದಲ್ಲಿ ಕ್ಯೂ ಮತ್ತು ವೈ ಅಕ್ಷರಗಳನ್ನು ಅದಲುಬದಲು ಮಾಡಿ ಅಚ್ಚು ಹಾಕಿದ್ದಾರೆ. ಗೀಟು-ಗೀಟು-ಚುಕ್ಕೆ-ಗೀಟು ಎಂದರೆ ಕ್ಯೂ. ಗೀಟು-ಚುಕ್ಕೆ-ಗೀಟು-ಗೀಟು ಎಂದರೆ ವೈ. ನಮ್ಮ ಕಾಲದಲ್ಲಿ ಕಲಿಯುವಾಗ ಈ ತಪ್ಪು ಮಾಡಿದವನನ್ನು ಮೇಲಿನವರು ತಂತಿ ಕಳಿಸುವ ಕೀಲಿಯ ಹತ್ತಿರ ಬಿಡುತ್ತಿರಲಿಲ್ಲ.

ಕಂಪನಿಗೆ ಇ-ಮೇಲ್ ಬರೆದೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ದಯವಿಟ್ಟು ಐದು ನಕ್ಷತ್ರ ನೀಡಿ’ ಎಂದು ಉತ್ತರ ಬಂತು.

ಚಕ್ರದ ವಿಚಾರಕ್ಕೆ ಬರುತ್ತೇನೆ, ಪೆಟ್ಟಿಗೆಯ ಮುಖ್ಯ ದೇವರು ಅದೇ. ಜೂಲಿಯಸ್ ಸೀಸರ್ ತನ್ನ ಪತ್ರಗಳಲ್ಲಿ ಪ್ರತಿ ಅಕ್ಷರವನ್ನೂ ಮೂರು ಮನೆ ಸರಿಸಿ, ಅಂದರೆ ಎ ಬದಲು ಡಿ ಎಂಬಂತೆ, ಬರೆಯುತ್ತಿದ್ದನಂತೆ. 15ನೆಯ ಶತಮಾನದಲ್ಲಿ ಇಟಲಿಯ ಆಲ್ಬರ್ಟಿ ಇಂಥ ಕೆಲಸಕ್ಕೆ ಎರಡು ತಟ್ಟೆಗಳ ಚಕ್ರವನ್ನು ಮಾಡಿದ. ನಮಗೆ ಸಿಕ್ಕಿದ ಚಕ್ರದ ನಡುವಿನ ಮೊಳೆ ಸಡಿಲ. ಬರೆಯುತ್ತಾ ಬರೆಯುತ್ತಾ ತಟ್ಟೆ ತಾನಾಗಿಯೇ ಒಂದು ಮನೆ ಜಾರುತ್ತದೆ, ಅಲ್ಲಿಂದ ಮುಂದೆ ಬರೆದವನಿಗೂ ಓದುವವನಿಗೂ ಸಮಾನ ಕತ್ತಲೆ. ನನ್ನ ಹಳೆಯ ಅಂಗಿಯ ಗುಂಡಿಯೊಂದನ್ನು ಹಿಂದಿಟ್ಟು ದಾರದಿಂದ ಬಿಗಿದ ಮೇಲೆ ಸರಿಹೋಯಿತು.

ಆದರೆ ಅದರಲ್ಲಿರುವುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ. “ಅಜ್ಜ, ಕನ್ನಡದಲ್ಲಿ ಬರೆಯುವುದು ಹೇಗೆ?” ಎಂದು ಮೊಮ್ಮಗಳು ಕೇಳಿದಳು. ಪೆಟ್ಟಿಗೆ ಮಾಡಿದವರಿಗೆ ಈ ಪ್ರಶ್ನೆ ಹೊಳೆದಂತಿಲ್ಲ. ನಮಗೆ ಮಾತ್ರ ನಿಜವಾದ ರಜೆ ಶುರುವಾದದ್ದು ಅಲ್ಲಿಂದ. ಕ ದಿಂದ ಳ ದವರೆಗೆ ಮೂವತ್ತನಾಲ್ಕು ವ್ಯಂಜನ. ಮದುವೆ ಕರೆಯೋಲೆಯ ರಟ್ಟಿನಲ್ಲಿ ಚಕ್ರ ಕತ್ತರಿಸಲು ಹೋದೆವು. 360 ಡಿಗ್ರಿಯನ್ನು 34 ಪಾಲು ಮಾಡಿದರೆ ಒಂದಕ್ಕೆ ಹತ್ತೂವರೆಗಿಂತ ಚೂರು ಹೆಚ್ಚು ಬರುತ್ತದೆ, ಕೋನಮಾಪಕ ಹಿಡಿದು ಕಣ್ಣು ಸೋತವು. ಕೊನೆಗೆ ಅವಳೇ ಎರಡು ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಅಕ್ಷರಗಳನ್ನು ಬರೆದು ಒಂದರ ಪಕ್ಕದಲ್ಲಿ ಇನ್ನೊಂದನ್ನು ಸರಿಸಿದಳು. ಚಕ್ರದ ಕೆಲಸ ಮುಗಿಯಿತು. ಒಪ್ಪಂದ ಇಷ್ಟು: ವ್ಯಂಜನ ಮಾತ್ರ ಸರಿಯಬೇಕು, ಕಾಗುಣಿತ, ಒತ್ತು ಮತ್ತು ಸ್ವರ ಇದ್ದಲ್ಲೇ ಇರಬೇಕು.

ಮೊದಲ ಸಂದೇಶಕ್ಕೆ ಕಾರಣವಿತ್ತು. ವೈದ್ಯರು ನನಗೆ ಉಪ್ಪು, ಕರಿದ ತಿಂಡಿ ಕಡಿಮೆ ಮಾಡಲು ಹೇಳಿದ್ದಾರೆ. ನನ್ನ ಹೆಂಡತಿ ಡಬ್ಬಿಗಳನ್ನು ಜಾಗ ಬದಲಿಸುತ್ತಲೇ ಇರುತ್ತಾಳೆ. ಮೊಮ್ಮಗಳು ನನಗೆ ತಿಳಿಸಬೇಕಾದದ್ದು: ‘ಚಕ್ಕುಲಿ ಅಟ್ಟದಲ್ಲಿ ಡಬ್ಬಿಯಲ್ಲಿ.’ ಒಂದು ಮನೆ ಸರಿಸಿ ಬರೆದಳು: ‘ಛಖ್ಖುವಿ ಅಠ್ಠಧವ್ವಿ ಢಭ್ಭಿರವ್ವಿ.’ ಗಟ್ಟಿಯಾಗಿ ಓದಿ ನೋಡಿ. ಗುಟ್ಟೆಲ್ಲಿ ಉಳಿಯಿತು? ನಮ್ಮ ವರ್ಣಮಾಲೆಯಲ್ಲಿ ಅಲ್ಪಪ್ರಾಣದ ಪಕ್ಕದ ಮನೆಯೇ ಮಹಾಪ್ರಾಣ. ಒಂದು ಮನೆ ಸರಿದರೆ ಕಂಪನಿ ನಾಟಕದ ಭೀಮ ಎದೆಯುಬ್ಬಿಸಿ ಚಕ್ಕುಲಿ ಕೇಳಿದಂತೆ ಆಗುತ್ತದೆಯೇ ಹೊರತು ಅರ್ಥ ಮುಚ್ಚುವುದಿಲ್ಲ. ಇಂಗ್ಲಿಷಿನಲ್ಲಿ ಈ ತೊಂದರೆಯಿಲ್ಲ.

ಏಳು ಮನೆ ಸರಿಸಿದೆವು. ಬಂದದ್ದು: ‘ಡಜ್ಜುಕಿ ಅದ್ದಮಕ್ಕಿ ನಶ್ಶಿಹಕ್ಕಿ.’ ನಾನು ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಅದ್ದಮಕ್ಕಿ ಎಂಬುದು ತೀರ್ಥಹಳ್ಳಿಯ ಕಡೆಯ ಯಾವುದೋ ಊರು, ನಶ್ಶಿಹಕ್ಕಿ ಎಂಬುದು ಅಲ್ಲಿ ಮಳೆಗಾಲದಲ್ಲಿ ಕೂಗುವ ಹಕ್ಕಿ ಎಂದು ಯಾರಾದರೂ ಹೇಳಿದ್ದರೆ ನಂಬಿಬಿಡುತ್ತಿದ್ದೆ. ಚೀಟಿಯನ್ನು ಮೇಜಿನ ಮೇಲೆ ರಾಜಾರೋಷವಾಗಿ ಬಿಟ್ಟು ಸಂಜೆಯ ನಡಿಗೆಗೆ ಹೋದೆ.

ಬಂದು ಅಟ್ಟ ಹತ್ತಿದರೆ ಡಬ್ಬಿ ಇಲ್ಲ. ಚೀಟಿಯ ಕೆಳಗೆ ಹೆಂಡತಿಯ ಅಕ್ಷರದಲ್ಲಿ ‘ಏಳು’ ಎಂದು ಮಾತ್ರ ಬರೆದಿತ್ತು. ಕೇಳಿದ್ದಕ್ಕೆ ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದಳು: “ಎರಡು ಮಾತು ‘ಕ್ಕಿ’ ಎಂದು ಮುಗಿಯುತ್ತವೆ. ಕನ್ನಡದಲ್ಲಿ ಹಾಗೆ ಬಾಲ ಬರುವುದು ‘ಲ್ಲಿ’ ಅಲ್ಲದೆ ಇನ್ನೇನು? ಲ ಆದಮೇಲೆ ವ, ಶ, ಷ, ಸ, ಹ, ಳ, ಆಮೇಲೆ ಮತ್ತೆ ಕ. ಏಳಾಯಿತಲ್ಲ. ನೀವಿಬ್ಬರೂ ಅಟ್ಟದ ಕಡೆ ಎಷ್ಟು ಸಲ ನೋಡಿದಿರಿ ಎಂಬುದನ್ನೂ ಎಣಿಸಿದ್ದೆ.”

9ನೆಯ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಬರೆದಿಟ್ಟ ದಾರಿ ಇದೇ ಜಾತಿಯದು: ಯಾವ ಅಕ್ಷರ ಎಷ್ಟು ಸಲ ಮರಳಿ ಬರುತ್ತದೆ ಎಂದು ಎಣಿಸು, ಭಾಷೆಯ ಅಭ್ಯಾಸವೇ ಗುಟ್ಟನ್ನು ಬಿಟ್ಟುಕೊಡುತ್ತದೆ. ನಲವತ್ತು ಪುಟದ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಮುಚ್ಚಿಡುವ ವಿಧಾನ ಹನ್ನೊಂದು ಕೊಟ್ಟಿದ್ದಾರೆ, ಒಡೆಯುವುದು ಒಂದನ್ನೂ ಹೇಳಿಲ್ಲ. ಬೀಗ ಮಾರಿ ಅದು ಎಷ್ಟು ಗಟ್ಟಿ ಎಂದು ಎಳೆದು ನೋಡಲು ಬಿಡದ ಅಂಗಡಿಯವನ ಹಾಗಾಯಿತು. ಈ ಪೆಟ್ಟಿಗೆಯ ಮೇಲೆ ನನ್ನ ದೊಡ್ಡ ದೂರು ಇದೇ. ಮಗುವಿನ ಕಣ್ಣು ಅರಳಿದ್ದು ಅಜ್ಜಿ ಒಡೆದು ತೋರಿಸಿದಾಗ, ತಾನು ಬರೆದಾಗಲ್ಲ.

ದೀಪದ ಬಗ್ಗೆ ತಾಯಿ-ತಂದೆಯರು ಗಮನಿಸಬೇಕಾದ ಮಾತೊಂದಿದೆ. ಅದರೊಳಗೆ ಮೂರು ಗುಂಡಿ ಬ್ಯಾಟರಿಗಳಿವೆ, ಮುಚ್ಚಳಕ್ಕೆ ತಿರುಪು ಇಲ್ಲ, ಉಗುರಿನಿಂದ ಎಬ್ಬಿಸಿದರೆ ಬಿಚ್ಚಿಕೊಳ್ಳುತ್ತದೆ. ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳ ಸುಡುವ ವಸ್ತು ಅದು. ಪಕ್ಕದ ಮನೆಯ ಎರಡು ವರ್ಷದ ಪುಟ್ಟ ಓಡಾಡುವ ಮನೆ ನಮ್ಮದು. ಮೊದಲ ದಿನವೇ ಅದಕ್ಕೆ ಟೇಪು ಸುತ್ತಿದೆ. ಪೆನ್ನು ಪರವಾಗಿಲ್ಲ. ಆದರೆ ಜೊತೆಗೆ ಕೊಟ್ಟ ಬಿಳಿ ಹಾಳೆಯ ಮೇಲೆ ಬರೆದು ದೀಪ ಹಿಡಿದರೆ ಹಾಳೆಯೇ ನೀಲಿಯಾಗಿ ಹೊಳೆದು ಅಕ್ಷರವನ್ನು ನುಂಗುತ್ತದೆ. ಕಾಗದವನ್ನು ಬೆಳ್ಳಗೆ ಕಾಣಿಸಲು ಬೆರೆಸುವ ರಾಸಾಯನಿಕದ ಗುಣ ಅದು. ಹಳೆಯ ಕಂದು ಲಕೋಟೆಯ ಮೇಲೆ ಬರೆದರೆ ಚೆನ್ನಾಗಿ ಕಾಣುತ್ತದೆ. ಇಷ್ಟೆಲ್ಲ ಏಕೆ, ನಿಂಬೆರಸದಲ್ಲಿ ಕಡ್ಡಿ ಅದ್ದಿ ಬರೆದು, ಒಣಗಿಸಿ, ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಅಕ್ಷರ ಕಂದಾಗಿ ಮೇಲೇಳುತ್ತದೆ. ಉಳಿದ ಅರ್ಧ ನಿಂಬೆಹಣ್ಣು ಪಾನಕಕ್ಕೆ.

ಮರದ ಕೋಲು ಪ್ರಾಚೀನ ಸ್ಪಾರ್ಟಾದವರದ್ದೆಂದು ಹೆಸರಾದ ಉಪಾಯ. ಪಟ್ಟಿಯನ್ನು ಓರೆಯಾಗಿ ಸುತ್ತಿ ಉದ್ದಕ್ಕೂ ಬರೆದು ಬಿಚ್ಚಿದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಅದೇ ದಪ್ಪದ ಕೋಲು ಇದ್ದವರಿಗೆ ಮಾತ್ರ ಓದು. ಪೆಟ್ಟಿಗೆಯಲ್ಲಿ ಇರುವುದು ಒಂದೇ ಕೋಲು! ಓದುವವನಿಗೆ ಇನ್ನೊಂದು ಬೇಡವೇ? ಅಡುಗೆಮನೆಯ ಲಟ್ಟಣಿಗೆಗೆ ಸುತ್ತಿದೆವು, ಕೆಲಸ ನಡೆಯಿತು. ಆ ದಿನದ ಚಪಾತಿ ಮಾತ್ರ ತಡವಾಯಿತು.

ಇಡೀ ಪೆಟ್ಟಿಗೆಯಲ್ಲಿ ಮನಸ್ಸು ಗೆದ್ದದ್ದು ಅತಿ ಅಗ್ಗದ ವಸ್ತು, ಕಿಂಡಿಯ ರಟ್ಟು. ಆರು ಆರಲಿ ಮೂವತ್ತಾರು ಚೌಕ, ಅದರಲ್ಲಿ ಒಂಬತ್ತು ಕಿಂಡಿ. ಕಾಗದದ ಮೇಲಿಟ್ಟು ಒಂಬತ್ತು ಅಕ್ಷರ ಬರೆಯಿರಿ, ರಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಒಂಬತ್ತು, ಹೀಗೆ ನಾಲ್ಕು ಸಲ. ಮೂವತ್ತಾರೂ ಮನೆ ತುಂಬುತ್ತವೆ, ಒಂದರ ಮೇಲೊಂದು ಬೀಳುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಕೆಲವು ತಿಂಗಳು ಇದನ್ನು ಬಳಸಿತ್ತು. ಕನ್ನಡಕ್ಕೆ ಇದು ಹೇಳಿ ಮಾಡಿಸಿದ್ದು: ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಮನೆಗೆ ಒಂದು ಅಕ್ಷರ. ‘ಲ್ಲಿ’ ಬಂದರೂ ಹಿಂದಿನ ಮುಂದಿನ ಅಕ್ಷರಗಳಿಂದ ದೂರ ಬಿದ್ದಿರುತ್ತದೆ, ಬಾಲ ಹಿಡಿಯಲು ಸುಲಭವಿಲ್ಲ. ಕಿಂಡಿಗಳು ಮಾತ್ರ ರೋಮನ್ ಅಕ್ಷರದ ಅಳತೆಯವು, ಒತ್ತಕ್ಷರದ ಕಾಲು ಹೊರಗೆ ಚಾಚುತ್ತದೆ. ದೊಡ್ಡದಾಗಿ ಎರಡು ರಟ್ಟು ಕತ್ತರಿಸಿಕೊಂಡೆವು, ಅವಳಿಗೊಂದು, ನನಗೊಂದು.

ಚೌಕದೊಳಗೆ ಓದುವ ದಾರಿಯನ್ನು ಅಡಗಿಸುವುದು ನಮಗೇನೂ ಹೊಸದಲ್ಲ. ಕುಮುದೇಂದು ಮುನಿಯ ಸಿರಿಭೂವಲಯ ಎಂಬ ಗ್ರಂಥದಲ್ಲಿ 27 ಅಡ್ಡಸಾಲು, 27 ಕಂಬಸಾಲಿನ ಚೌಕಗಳ ತುಂಬ ಅಂಕಿಗಳೇ ಇವೆ. 1ರಿಂದ 64ರವರೆಗಿನ ಅಂಕಿಗೆ ಒಂದೊಂದು ಅಕ್ಷರ, ಯಾವ ಬಂಧದಲ್ಲಿ, ಅಂದರೆ ಯಾವ ಜಾಡಿನಲ್ಲಿ, ನಡೆಯಬೇಕು ಎಂದು ತಿಳಿದವನಿಗೆ ಪದ್ಯ. ವ್ಯಂಜನಕ್ಕೆ ಒಂದೊಂದು ಅಂಕಿ ಕೊಟ್ಟು ಹೆಸರಿನಲ್ಲಿ ಸಂಖ್ಯೆ ಅಡಗಿಸುವ ಕಟಪಯಾದಿಯನ್ನೂ ಮೊಮ್ಮಗಳಿಗೆ ಹೇಳಿಕೊಟ್ಟೆ. ಅವಳು ಸಂಗೀತಕ್ಕೆ ಹೋಗುತ್ತಾಳೆ, ಸರಳೆ ವರಸೆ ಹಾಡುವುದು ಮಾಯಾಮಾಳವಗೌಳದಲ್ಲಿ. ಮಾ ಎಂದರೆ ಐದು, ಯಾ ಎಂದರೆ ಒಂದು, ತಿರುಗಿಸಿದರೆ ಹದಿನೈದು, ಆ ರಾಗ ಹದಿನೈದನೆಯ ಮೇಳಕರ್ತ, ಅಂದರೆ ಮೂಲರಾಗ. “ದಿನಾ ಹಾಡಿದರೂ ಹೆಸರಿನೊಳಗೆ ಸಂಖ್ಯೆ ಇರುವುದು ಗೊತ್ತೇ ಇರಲಿಲ್ಲ!” ಎಂದಳು. ಬೆಲೆ ಕೊಟ್ಟು ತಂದ ಕೈಪಿಡಿಯಲ್ಲಿ ಇಂಥದೊಂದು ಪುಟ ಇದ್ದಿದ್ದರೆ ಕ್ಯೂ-ವೈ ತಪ್ಪನ್ನು ಕ್ಷಮಿಸಿಬಿಡುತ್ತಿದ್ದೆ.

ಕೊಳ್ಳಬೇಕೆ ಎಂದು ಕೇಳಿದರೆ, ರಿಯಾಯಿತಿಯಲ್ಲಿ ನಾನೂರು ರೂಪಾಯಿಗೆ ಇಳಿದಾಗ ಕೊಳ್ಳಿ, ಮನೆಯಲ್ಲಿ ಜೊತೆಗೆ ಕುಳಿತುಕೊಳ್ಳುವ ದೊಡ್ಡವರು ಇದ್ದರೆ ಮಾತ್ರ. ಇಲ್ಲವಾದರೆ ಎರಡು ಕಾಗದದ ಪಟ್ಟಿ, ಹಳೆಯ ಕರೆಯೋಲೆ, ಕತ್ತರಿ. ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು ನಕ್ಷತ್ರ, ಎರಡೂ ಕಿಂಡಿಯ ರಟ್ಟಿಗೆ.

ಮೊಮ್ಮಗಳು ಊರಿಗೆ ಮರಳಿದ ಮೇಲೆ ಕಳೆದ ವಾರ ಐವತ್ತು ಪೈಸೆಯ ಅಂಚೆ ಕಾರ್ಡು ಬಂತು. ಮೂವತ್ತಾರು ಅಕ್ಷರ, ಒಂದೂ ‘ಲ್ಲಿ’ ಇಲ್ಲ, ಹುಷಾರಾಗಿದ್ದಾಳೆ. ರಟ್ಟನ್ನು ನಾಲ್ಕೂ ಕಡೆ ತಿರುಗಿಸಿದೆ, ಬೋರಲು ಹಾಕಿಯೂ ನೋಡಿದೆ, ಅರ್ಥ ಹತ್ತಲಿಲ್ಲ. ತಿರುಗಿಸುವ ಮೊದಲು ಅಕ್ಷರಗಳನ್ನೂ ಸರಿಸಿದ್ದಾಳೆಂದು ಕಾಣುತ್ತದೆ, ಎಷ್ಟು ಮನೆಯೋ. ನನ್ನ ಹೆಂಡತಿ ನಿನ್ನೆಯೇ ಓದಿ ಮುಗಿಸಿದ್ದಾಳೆ. ಹೇಳುತ್ತಿಲ್ಲ.