16 ಟಿಬಿ ಅಂತ ದುಡ್ಡು ಕೊಟ್ಟು 64 ಜಿಬಿ ಮನೆಗೆ ತಂದವನ ಗೋಳು

ನಗೋರು ನಗಬಹುದು. ನಮ್ಮ ಮನೇಲಿ ಎಲ್ಲರೂ ಒಂದು ಸುತ್ತು ನಕ್ಕಾಗಿದೆ. ಆದರೆ 1,899 ರೂಪಾಯಿಗೆ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ, ಅಂದ್ರೆ ಫೋಟೊ, ಫೈಲು ತುಂಬಿಡೋ ಜೇಬಿನ ಡ್ರೈವ್ (1 ಟಿಬಿ ಅಂದ್ರೆ 1,000 ಜಿಬಿ), ಅನ್ನೋ ಜಾಹೀರಾತು ನೋಡಿ ಯಾರಾದರೂ ಕಾರ್ಟಿಗೆ ಹಾಕಿಕೊಂಡಿದ್ದರೆ ಮೊದಲು ಅದನ್ನ ತೆಗೀರಿ. ಆಮೇಲೆ ಇದನ್ನ ಓದಿ.

ನಾನು ನಮ್ಮ ಕುಟುಂಬದ ಟೆಕ್ನಾಲಜಿ ತಜ್ಞ. ಬಿರುದು ನಾನೇ ಕೊಟ್ಟುಕೊಂಡಿದ್ದು. ಬಾಮೈದ ಎಐ ವಾಷಿಂಗ್ ಮಷೀನ್ ತಗೊಂಡಾಗ "ಬಟ್ಟೆ ಕೊಳೆ ಆಗಿದೆ ಅಂತ ತಿಳ್ಕೊಳ್ಳೋಕೆ ಮಷೀನಿಗೆ ಬುದ್ಧಿ ಯಾಕೆ, ನಿನ್ನ ಕಾಲರ್ ನೋಡಿದ್ರೆ ಸಾಲ್ದಾ" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದವನು. ಮಡಚೋ ಫೋನ್ ಬಂದಾಗ "ಲಕ್ಷ ಕೊಟ್ಟು ಮಡಚೋದಾದ್ರೆ ನಾನು ಪಂಚೆ ಮಡಚ್ತೀನಿ" ಅಂದವನು. 2023ರಲ್ಲಿ ಸ್ಯಾಮ್‌ಸಂಗ್‌ನವರು 8 ಟಿಬಿಯ ಟಿ5 ಇವೊ ಅನ್ನೋ ಇಂಥದ್ದೇ ಡ್ರೈವ್ ತಂದು 650 ಡಾಲರ್ ಹತ್ತಿರ ಬೆಲೆ ಇಟ್ಟಾಗ, ಇದನ್ನ ಬ್ಯಾಂಕ್ ಲಾಕರಲ್ಲಿ ಇಡಬೇಕಾಗುತ್ತೆ ಅಂತ ಆಡಿಕೊಂಡವನು. ಗಮನಿಸಿ. 8 ಟಿಬಿಗೆ 650 ಡಾಲರ್. ಈ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ 16 ಟಿಬಿನ 1,899 ರೂಪಾಯಿಗೆ ತಗೊಂಡೆ. ಟಿಬಿಗೆ ಹೆಚ್ಚುಕಮ್ಮಿ 119 ರೂಪಾಯಿ. ಬೆಂಗಳೂರಲ್ಲಿ ಎರಡು ಎಳನೀರಿನ ದುಡ್ಡು.

ಯಾಕೆ ತಗೊಂಡೆ ಅಂದ್ರೆ ಜಿಪುಣತನ, ಬೇರೇನಿಲ್ಲ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನವರು ಪುಕ್ಕಟೆ ಜಾಗ ನಿಲ್ಲಿಸಿ 15 ಜಿಬಿ ಲೆಕ್ಕಕ್ಕೆ ಸೇರಿಸಿದ್ರಲ್ಲ, ಅವತ್ತಿಂದ ನನ್ನ ಹೆಂಡತಿ ಫೋನು ವಾರಕ್ಕೊಂದು ಸಲ ಸ್ಟೋರೇಜ್ ಫುಲ್ ಅಂತ ಅಳುತ್ತೆ. 100 ಜಿಬಿಗೆ ತಿಂಗಳಿಗೆ 130 ರೂಪಾಯಿ ಕೊಟ್ಟರೆ ಮುಗೀತಿತ್ತು. "ನಮ್ಮ ಫೋಟೊ ನೋಡೋಕೆ ನಾವೇ ಬಾಡಿಗೆ ಕೊಡಬೇಕಾ" ಅಂತ ನಾನು ಹಠ ಹಿಡಿದೆ. ಅಷ್ಟರಲ್ಲಿ 2025ರ ಡಿಸೆಂಬರ್‌ನಲ್ಲಿ ಆ ಸುದ್ದಿ ಬಂತು. ಎಐ ಡೇಟಾ ಸೆಂಟರ್‌ಗಳು ಮೆಮೊರಿನೆಲ್ಲ ಬಾಚಿಕೊಳ್ತಿವೆ, ಬೆಲೆ ಏರ್ತಿದೆ, ಮೈಕ್ರಾನ್ ಕಂಪನಿಯವರು ನಮ್ಮಂಥವರಿಗೆ ಮಾರ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ತಾರೆ ಅಂತ. ಸರಿ, ಈಗಲೇ ತಗೋಬೇಕು ಅಂತ ನನಗೆ ಬೆವರು ಬಂತು. ಸರಿಯಾಗಿ ಅದೇ ರಾತ್ರಿ ಒಂದು ದೊಡ್ಡ ಶಾಪಿಂಗ್ ಆ್ಯಪ್‌ನಲ್ಲಿ ಈ ಮಹಾನುಭಾವ ಕಾಣಿಸಿಕೊಂಡ. ಎಮ್‌ಆರ್‌ಪಿ 9,999, ಇವತ್ತಿಗೆ ಮಾತ್ರ 1,899, ಇನ್ನು ಎರಡೇ ಪೀಸ್ ಬಾಕಿ. ಜಗತ್ತಲ್ಲೆಲ್ಲ ಮೆಮೊರಿ ಬೆಲೆ ಏರ್ತಿರೋವಾಗ ಇವನೊಬ್ಬನಿಗೆ ಮಾತ್ರ ಹೇಗೆ ಇಳೀತು ಅಂತ ತಲೆಗೆ ಹೋಗಲಿಲ್ಲ. ಹೋಗಲಿಲ್ಲ ಅಂದ್ರೆ ಹೋಗಲಿಲ್ಲ.

ಬಂದ ವಸ್ತು ಚೆನ್ನಾಗೇ ಇತ್ತು ಮಾರಾಯ್ರೆ. ಲೋಹದ ಮೈ, ಕೈಯಲ್ಲಿ ಹಿಡಿದ್ರೆ ತೂಕ, ಟೈಪ್ ಸಿ ಕೇಬಲ್ಲು. ಅಪ್ಪ ಡಬ್ಬಿ ತಿರುಗಿಸಿ ನೋಡಿ, "ಹದಿನಾರು ಟಿಬಿನಾ? ನಮ್ಮ ಕಾಲದಲ್ಲಿ ಟಿಬಿ ಅಂದ್ರೆ ಒಂದೋ ಕಾಯಿಲೆ, ಇಲ್ಲ ಟ್ರಾವೆಲರ್ಸ್ ಬಂಗ್ಲೆ" ಅಂದ್ರು. ಪಿಡಬ್ಲ್ಯುಡಿಯಲ್ಲಿ ಇದ್ದವರು. ಡಬ್ಬಿ ಮೇಲೆ ತಯಾರಿಸಿದವರ ಹೆಸರಿಲ್ಲ, ಆಮದು ಮಾಡಿಕೊಂಡವರ ವಿಳಾಸ ಇಲ್ಲ ಅನ್ನೋದನ್ನೂ ಅವರೇ ಮೊದಲು ಹೇಳಿದ್ದು. "ಅಪ್ಪಾ, ಈಗೆಲ್ಲ ಹಂಗೇ ಬರೋದು" ಅಂದೆ ನಾನು.

ಈಗ ಅತಿ ನಾಚಿಕೆಯ ಭಾಗ. ಲ್ಯಾಪ್‌ಟಾಪಿಗೆ ಹಾಕಿದೆ. ವಿಂಡೋಸ್ 14.5 ಟಿಬಿ ತೋರಿಸ್ತು. "ರೀ, ಹದಿನಾರು ಅಂದಿದ್ರಲ್ಲ, ಒಂದೂವರೆ ಎಲ್ಲಿ ಹೋಯ್ತು?" ಅಂತ ಹೆಂಡತಿ ಕೇಳಿದಳು. ಪಾಪ, ಸರಿಯಾದ ಪ್ರಶ್ನೆ. ನಾನು ಕುರ್ಚಿ ತಿರುಗಿಸಿಕೊಂಡು, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ, ಹಾಗಾಗಿ ನಿಜವಾದ 16 ಟಿಬಿ 14.5 ಅಂತಲೇ ಕಾಣಬೇಕು, ಇದೇ ಅಸಲಿ ಅನ್ನೋದಕ್ಕೆ ಗುರುತು ಅಂತ ಹತ್ತು ನಿಮಿಷ ಪಾಠ ಮಾಡಿದೆ. ಕಳ್ಳ ಆ ಲೆಕ್ಕವನ್ನೂ ಸರಿಯಾಗೇ ಮಾಡಿಟ್ಟಿದ್ದ. ನನ್ನಂಥ ಅರೆಬೆಂದ ತಜ್ಞನಿಗೋಸ್ಕರವೇ ಮಾಡಿಟ್ಟಿದ್ದ!

ರಾತ್ರಿ ಹತ್ತೂವರೆಗೆ ಕಾಪಿ ಹಚ್ಚಿದೆ. ಒಟ್ಟು 410 ಜಿಬಿ. ಹೆಂಡತಿ ಫೋನಿಂದು, ಹಳೇ ಲ್ಯಾಪ್‌ಟಾಪಿಂದು ಎಲ್ಲ ಸೇರಿ. ಸೆಕೆಂಡಿಗೆ 20 ಎಮ್‌ಬಿ ಮೇಲೆ ಏಳಲಿಲ್ಲ. ಡಬ್ಬಿ ಮೇಲೆ ಯುಎಸ್‌ಬಿ 3.1 ಅಂತ ಇದೆ, ಓಡೋದು ಎತ್ತಿನ ಗಾಡಿ. ಬೈದಿದ್ದು ಯಾರಿಗೆ? ನನ್ನ ಲ್ಯಾಪ್‌ಟಾಪಿಗೆ. ಬೆಳಿಗ್ಗೆ ಎದ್ದು ಮೊದಲ ಫೋಲ್ಡರ್ ತೆಗೆದು ನೋಡಿದೆ, ಫೋಟೊಗಳೆಲ್ಲ ಲಕಲಕ. ಫೋನಿಂದ ಎಲ್ಲ ಅಳಿಸಿದೆ. ಟ್ರ್ಯಾಶಲ್ಲಿ ಯಾಕೆ ಕೂತಿರಬೇಕು ಅಂತ ಅದನ್ನೂ ಖಾಲಿ ಮಾಡಿದೆ. ಇಷ್ಟಕ್ಕೆ ಸುಮ್ಮನಿದ್ದೆನಾ? ಫ್ಯಾಮಿಲಿ ಗ್ರೂಪಿಗೆ ಲಿಂಕ್ ಹಾಕಿದೆ. "ನಾನೇ ಪರೀಕ್ಷೆ ಮಾಡಿದ್ದೀನಿ, ಕಣ್ಮುಚ್ಚಿ ತಗೊಳ್ಳಿ." ಬಾಮೈದ ಒಂದು ತಗೊಂಡ. ಅರಸೀಕೆರೆ ಚಿಕ್ಕಪ್ಪ ಎರಡು.

ಇಪ್ಪತ್ಮೂರನೇ ದಿನ ಅತ್ತೆ ಮನೆಗೆ ಬಂದ್ರು. ಮೊಮ್ಮಗನ ಚೌಲದ ವೀಡಿಯೊ ಟಿವಿಯಲ್ಲಿ ಹಾಕಿ ಅಂದ್ರು. ಹಾಕಿದೆ. ಫೈಲ್ ಇದೆ, ಹೆಸರಿದೆ, 3.2 ಜಿಬಿ ಅಂತ ಗಾತ್ರವೂ ಇದೆ. ಒತ್ತಿದ್ರೆ ಏನೂ ಇಲ್ಲ. ಮುಂದಿನದು, ಇಲ್ಲ. ಫೋಟೊ ತೆಗೆದೆ, ಬೂದುಬಣ್ಣದ ಚೌಕ. ಇನ್ನೊಂದು, ಚೌಕ. ಮತ್ತೊಂದು, ಚೌಕ. ಅತ್ತೆ "ಟಿವಿ ಕೆಟ್ಟಿದೆಯಾ ಅಂತ ನೋಡಿ" ಅಂದ್ರು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದಳು.

ಆ ರಾತ್ರಿ ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಉಗುರಿನಷ್ಟು ಒಂದು 64 ಜಿಬಿ ಮೈಕ್ರೋ ಎಸ್‌ಡಿ ಕಾರ್ಡು, ಅದನ್ನ ಬೋರ್ಡಿಗೆ ಅಂಟಿಸಿದ ಬಿಸಿ ಅಂಟು, ತೂಕ ಬರಲಿ ಅಂತ ಒಂದು ಕಬ್ಬಿಣದ ಪಟ್ಟಿ. ನಾನು ಮೆಚ್ಚಿದ್ದು ಆ ಕಬ್ಬಿಣದ ಪಟ್ಟಿಯನ್ನ.

ಮೋಸ ಇಷ್ಟೇ. ಡ್ರೈವ್ ಒಳಗಿನ ಕಂಟ್ರೋಲರ್ ಚಿಪ್ಪು 'ನಾನು ಇಷ್ಟು ದೊಡ್ಡೋನು' ಅಂತ ಹೇಳುತ್ತೆ, ಕಂಪ್ಯೂಟರ್ ನಂಬುತ್ತೆ, ತೆರೆದು ನೋಡೋಲ್ಲ. ಆ ಚಿಪ್ಪಿನ ಫರ್ಮ್‌ವೇರ್, ಅಂದ್ರೆ ಅದರೊಳಗೇ ಕೂರಿಸಿದ ಸಾಫ್ಟ್‌ವೇರ್, ತಿದ್ದಿ ಸುಳ್ಳು ಹೇಳೋದನ್ನ ಕಲಿಸಿರ್ತಾರೆ. 64 ಜಿಬಿ ತುಂಬೋವರೆಗೆ ಎಲ್ಲ ಸರಿ. ಆಮೇಲೆ ಬಂದ ಡೇಟಾನ ಗಾಳಿಗೆ ತೂರುತ್ತೆ, ಕೆಲವು ಡ್ರೈವುಗಳಲ್ಲಿ ಹಳೇದರ ಮೇಲೇ ಬರೆಯುತ್ತೆ. ಆದರೆ ಫೈಲುಗಳ ಹೆಸರು, ಗಾತ್ರದ ಪಟ್ಟಿ ಶುರುವಿನ ಭಾಗದಲ್ಲೇ ಇರೋದ್ರಿಂದ ಅದು ಮಾತ್ರ ನಿಗಿನಿಗಿ ಅಂತ ಕಾಣುತ್ತೆ. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಮನೆಗೆ ಹೋದ್ರೆ ಆಸಾಮಿ ಇಲ್ಲ ಅಂತಾರಲ್ಲ, ಹಾಗೆ.

ಇನ್ನೊಂದು ತಮಾಷೆ ಆಮೇಲೆ ಹೊಳೀತು. ಸೆಕೆಂಡಿಗೆ 20 ಎಮ್‌ಬಿ ವೇಗದಲ್ಲಿ 16 ಟಿಬಿ ತುಂಬಿ ನೋಡಬೇಕಂದ್ರೆ ಒಂಬತ್ತು ದಿನ ಹಗಲೂ ರಾತ್ರಿ ಬೇಕು. ರಿಟರ್ನ್ ಗಡುವು ಏಳು ದಿನ!

ಇನ್ನು ಮಾರಿದವನ ಉತ್ತರಗಳು. ಡಬ್ಬಿಯಲ್ಲಿ ವಾಟ್ಸ್ಆ್ಯಪ್ ನಂಬರ್ ಇತ್ತು. ಹಿಂದಿ, ಇಂಗ್ಲಿಷ್ ಕಲಸಿ ಬಂದದ್ದನ್ನ ಕನ್ನಡಕ್ಕೆ ಇಳಿಸಿದ್ದೀನಿ.

ಮೊದಲನೇದು: "ಪ್ರಿಯ ಗ್ರಾಹಕರೇ, ನಿಮ್ಮ ಕಂಪ್ಯೂಟರಲ್ಲಿ ವೈರಸ್ ಇದೆ." ಬೇರೆ ಕಂಪ್ಯೂಟರಲ್ಲಿ ಹಾಕಿ ವೀಡಿಯೊ ಕಳಿಸಿದೆ. "ಪ್ರಿಯ ಗ್ರಾಹಕರೇ, ಫಾರ್ಮ್ಯಾಟ್ ಮಾಡಿ." ಮಾಡಿದ್ರೆ ಇರೋದೂ ಹೋಗುತ್ತಲ್ಲಪ್ಪ ಅಂದೆ. "ಮಾಡದಿದ್ರೆ ನಮ್ಮ ಜವಾಬ್ದಾರಿ ಇಲ್ಲ." ಒಳಗಿನ ಕಾರ್ಡಿನ ಫೋಟೊ ಕಳಿಸಿದೆ. "ನೀವು ಬಿಚ್ಚಿದ್ದೀರಿ, ವಾರಂಟಿ ಹೋಯ್ತು." ವಾರಂಟಿ ಕಾರ್ಡೇ ಇರಲಿಲ್ಲ! ಕಾರ್ಡ್ ಮೇಲೆ 64 ಜಿಬಿ ಅಂತ ಅಚ್ಚಾಗಿದೆಯಲ್ಲ ಅಂದೆ. ಎರಡು ದಿನ ಸದ್ದಿಲ್ಲ. ಆಮೇಲೆ ಬಂದದ್ದನ್ನ ನಾನು ಸಾಯೋವರೆಗೂ ಮರೆಯಲ್ಲ: "ಸರ್, 16 ಟಿಬಿ ಅನ್ನೋದು ಮಾಡೆಲ್ ಹೆಸರು. ಸೈಜ್ ಅಲ್ಲ."

ಮಾಡೆಲ್ ಹೆಸರಂತೆ. ಮೈಸೂರು ಪಾಕಲ್ಲಿ ಮೈಸೂರಿಲ್ಲ ಅನ್ನೋ ಧಾಟಿ.

ಕೊನೆಗೆ ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದ್ರೆ 200 ರೂಪಾಯಿ ಕೊಡ್ತೀನಿ ಅಂದ. ಆಗ ಅರ್ಥ ಆಯ್ತು ಅಲ್ಲಿದ್ದ ಸಾವಿರಾರು ಐದು ಸ್ಟಾರ್ ಎಲ್ಲಿಂದ ಬಂದವು ಅಂತ. ಅರ್ಧ ಜನ ಇನ್ನೂರಕ್ಕೆ ಕೊಟ್ಟವರು, ಇನ್ನರ್ಧ ನನ್ನ ಹಾಗೆ ಮೊದಲ ಫೋಲ್ಡರ್ ಮಾತ್ರ ತೆಗೆದು ನೋಡಿದವರು.

ಆ್ಯಪ್‌ನವರ ಕಸ್ಟಮರ್ ಕೇರ್ ಇದಕ್ಕಿಂತ ವಿನಯ. "ನಿಮ್ಮ ನೋವು ಅರ್ಥವಾಗುತ್ತೆ ಸರ್, ರಿಟರ್ನ್ ವಿಂಡೋ ಮುಗಿದಿದೆ ಸರ್, ಇನ್ನೇನಾದರೂ ಸಹಾಯ ಬೇಕಾ ಸರ್?" ನಾಲ್ಕು ಸಲ ಫೋನ್, ನಾಲ್ಕು ಬೇರೆ ಜನ, ಅದೇ ವಾಕ್ಯ. ನಾವು ವೇದಿಕೆ ಮಾತ್ರ, ಮಾರೋದು ನಾವಲ್ಲ ಅಂತೆ. ದುಡ್ಡು ತಗೊಳ್ಳೋವಾಗ ವೇದಿಕೆ ಇರಲಿಲ್ಲ, ಕೈ ಇತ್ತು. ಕೊನೆಗೆ 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅನ್ನಬೇಕು, ತಿಂಗಳೊಳಗೆ ಬಗೆಹರಿಸಬೇಕು. ಅದನ್ನ ಬರೆದು ಅಧಿಕಾರಿಗೇ ಮೇಲ್ ಹಾಕಿದ ಮೇಲೆ ದುಡ್ಡು ವಾಪಸ್ ಬಂತು. ವಾಲೆಟ್‌ಗೆ. ಅವರ ಹತ್ತಿರವೇ ಇನ್ನೇನಾದರೂ ತಗೊಳ್ಳಲಿ ಅಂತ.

ಚೌಲದ ಫೋಟೊಗಳು ಸ್ವಲ್ಪ ಸಿಕ್ಕವು. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸ್ತಾರೆ ಅಂತ ನಾನು ಮ್ಯೂಟ್ ಮಾಡಿದ್ದ ದೊಡ್ಡಮ್ಮನ ಫೋನಲ್ಲಿ. ವಾಟ್ಸ್ಆ್ಯಪ್ ಹಿಂಡಿ ಹಿಪ್ಪೆ ಮಾಡಿದ ಫೋಟೊಗಳು, ಆದರೂ ಮುಖ ಗುರುತು ಸಿಗುತ್ತೆ. ಹಳೇ ಲ್ಯಾಪ್‌ಟಾಪನ್ನ ಸೋಮಾರಿತನದಿಂದ ಫಾರ್ಮ್ಯಾಟ್ ಮಾಡದೆ ಬಿಟ್ಟಿದ್ದೆ, ಅದೊಂದು ಪುಣ್ಯ. ವೀಡಿಯೊಗಳು ಹೋದವು.

ಇಷ್ಟಾದ ಮೇಲೆ ನಾನು ಬುದ್ಧಿ ಹೇಳೋದು ಸರಿಯಲ್ಲ, ಆದರೂ. ಹೊಸ ಡ್ರೈವ್, ಪೆನ್‌ಡ್ರೈವ್, ಕಾರ್ಡ್ ಏನೇ ಬರಲಿ, ಖಾಲಿ ಇರೋವಾಗಲೇ ಪರೀಕ್ಷೆ ಮಾಡಿ. ವಿಂಡೋಸ್‌ಗೆ ವ್ಯಾಲಿಡ್ರೈವ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಡ್ರೈವಿನ ಉದ್ದಕ್ಕೂ 576 ಕಡೆ ಬರೆದು ಓದಿ ನೋಡಿ ಜಾಗ ನಿಜವೋ ಸುಳ್ಳೋ ಹೇಳುತ್ತೆ. ಎಚ್2ಟೆಸ್ಟ್‌ಡಬ್ಲ್ಯು ಕೂಡ ಇದೆ, ಮ್ಯಾಕ್, ಲಿನಕ್ಸ್‌ನವರಿಗೆ ಎಫ್3. ಕಾಪಿ ಮಾಡಿದ ಮೇಲೆ ಮೊದಲ ಫೋಲ್ಡರ್ ನೋಡಬೇಡಿ, ಕೊನೇದು ನೋಡಿ. ಮೂಲವನ್ನ ಅಳಿಸಬೇಡಿ. ಡಬ್ಬಿ ಒಡೆಯೋವಾಗ ವೀಡಿಯೊ ಮಾಡಿ. ಮತ್ತೆ ಹೆಂಡತಿ ಒಂದೂವರೆ ಟಿಬಿ ಎಲ್ಲಿ ಅಂತ ಕೇಳಿದ್ರೆ ಪಾಠ ಮಾಡಬೇಡಿ.

ಗ್ರೂಪಿನಲ್ಲಿ ತಪ್ಪೊಪ್ಪಿಗೆ ಹಾಕೋಕೆ ನನಗೆ ಮೂರು ದಿನ ಬೇಕಾಯ್ತು. ಬಾಮೈದ ತನ್ನ ವಾಷಿಂಗ್ ಮಷೀನಿನ ಫೋಟೊ ಕಳಿಸಿದ, ಬೇರೆ ಏನೂ ಬರೀಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ, ಆ ಎರಡೂ ಡ್ರೈವ್ ಮೋಸದ್ದು, ಅದರಲ್ಲಿ ಏನೂ ಇಡಬೇಡಿ ಅಂತ ಕೈಮುಗಿದು ಹೇಳಿದೆ. "ಸುಮ್ನಿರೋ, ನಂದು ಚೆನ್ನಾಗೇ ಇದೆ, ಇಡೀ ತೋಟದ ಫೋಟೊ ಹಾಕಿದ್ದೀನಿ, ನಲವತ್ತು ಫೋಟೊ. ಇನ್ನೂ ಹದಿನಾಲ್ಕೂವರೆ ಖಾಲಿ ತೋರಿಸ್ತಿದೆ. ನಿಂಗೆ ಜಾಗ ಸಾಲ್ದಿದ್ರೆ ಒಂದು ತಗೊಂಡು ಹೋಗು" ಅಂದ್ರು.